ಬ್ರ್ಯಾಂಡ್ ಮಾರಿದ್ದಾರಂತೆ, ಮಿಕ್ಸರ್ ತಗೋಬಹುದಾ?

ಗಣೇಶನ ಹಬ್ಬಕ್ಕೆ ಇನ್ನೆರಡು ತಿಂಗಳು ಅನ್ನುವಾಗ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. ಊರ ಆರ್ಕೆಸ್ಟ್ರಾದವರು, ಭಜನಾ ಮಂಡಳಿಯವರು, ಮಲಗುವ ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರು. ಕೈಯಲ್ಲಿ ಹತ್ತೋ ಹದಿನೈದೋ ಸಾವಿರ ಇರುತ್ತದೆ. ನಾಲ್ಕಾರು ಮೈಕುಗಳ ಧ್ವನಿ ಕೂಡಿಸುವ ಮಿಕ್ಸರ್ ಯಾವುದು, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಸೌಂಡ್ ಕಾರ್ಡ್ ಯಾವುದು ಅಂತ ಅವರೇ ಆರಿಸಿಟ್ಟಿರುತ್ತಾರೆ. ಅಷ್ಟರಲ್ಲಿ ಯಾರೋ ತಲೆಯಲ್ಲಿ ಹುಳ ಬಿಟ್ಟಿರುತ್ತಾರೆ. "ಅಣ್ಣಾ, ಆ ಕಂಪನಿನ ಬೇರೆಯವರು ತಗೊಂಡಿದ್ದಾರಂತೆ. ಈಗ ಮೊದಲಿನ ಥರ ಬರ್ತಿಲ್ವಂತೆ. ಹೌದಾ?"

ಹೌದು ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. "ಅದನ್ನ ಕಂಪ್ಯೂಟರಿಗೂ ಹಾಕ್ತೀಯಾ, ಇಲ್ಲ ಬರೀ ಕರೆಂಟಿಗೆ ಹಾಕ್ತೀಯಾ?"

ಕಂಪನಿ ಕೈ ಬದಲಾದರೆ ಮೊದಲು ಕೆಡುವುದು ಸೌಂಡು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಸೌಂಡು ಕೆಡುವುದಿದ್ದರೆ ಕೊನೆಗೆ. ಬೋರ್ಡಿನ ಡಿಸೈನ್ ಅದೇ ಇರುತ್ತದೆ, ಬಹಳ ಸಲ ಅದನ್ನು ಜೋಡಿಸುವ ಚೀನಾದ ಕಾರ್ಖಾನೆಯೂ ಅದೇ ಇರುತ್ತದೆ. ಮೊದಲು ಹೋಗುವವರು ಜನ. ಡ್ರೈವರ್, ಅಂದರೆ ಸಾಮಾನನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್, ಬರೆಯುತ್ತಿದ್ದ ನಾಲ್ಕು ಜನ, ಸ್ಪೇರ್ ಬೋರ್ಡ್ ಕಳಿಸುತ್ತಿದ್ದ ಗೋಡೌನಿನವರು, ಇಲ್ಲಿ ವಾರಂಟಿ ನೋಡಿಕೊಳ್ಳುತ್ತಿದ್ದ ಡಿಸ್ಟ್ರಿಬ್ಯೂಟರ್. ಅವರ್ಯಾರೂ ಇಲ್ಲದೆಯೂ ನಿಮ್ಮ ಡಬ್ಬ ನಡೆಯುತ್ತದಾ? ಇದೊಂದನ್ನು ತಿಳಿದುಕೊಂಡರೆ ಸಾಕು, ಮಾಲೀಕ ಯಾರಾದರೇನು.

ಎಂಟು ಚಾನೆಲ್ಲಿನ ಸಾದಾ ಅನಲಾಗ್ ಮಿಕ್ಸರ್ ತೆಗೆದುಕೊಳ್ಳಿ. ಒಳಗೆ ಇರುವುದು ನಾಬ್ ಕೆಳಗಿನ ಪಾಟ್‌ಗಳು, ವೈರ್ ಸಿಕ್ಕಿಸುವ ಜಾಕ್‌ಗಳು, 4580ಯಂಥ ಐಸಿ ಚಿಪ್‌ಗಳು, ಒಂದು ಪವರ್ ಸಪ್ಲೈ. ಕಂಪನಿ ನಾಳೆ ಬೆಳಗ್ಗೆ ಬಾಗಿಲು ಹಾಕಿದರೂ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ, ಬೆಸುಗೆ ಹಾಕಲು ಬರುವ ಯಾವ ರೇಡಿಯೋ ರಿಪೇರಿಯವನಾದರೂ ಕೂರಿಸಿಕೊಡುತ್ತಾನೆ. ಇಂಥದ್ದಕ್ಕೆ ಮಾಲೀಕರು ಬದಲಾದರು ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಸೌಂಡ್ ಕಾರ್ಡ್, ಡಿಜಿಟಲ್ ಮಿಕ್ಸರ್, ಗಿಟಾರಿನ ಸೌಂಡು ಬದಲಿಸುವ ಪ್ರೊಸೆಸರ್, ಆ್ಯಪ್ ಇಲ್ಲದೆ ಕೈಕಾಲು ಆಡದ ಸ್ಪೀಕರ್, ಇವುಗಳ ಕಥೆ ಬೇರೆ.

ನನ್ನದೇ ಒಂದು ಸೌಂಡ್ ಕಾರ್ಡ್ ಶೆಲ್ಫಿನಲ್ಲಿ ಕೂತಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಕೆಳಗೆ ಬರುವ ಹೆಸರುಗಳಲ್ಲಿ ಹುಡುಕಲೂ ಬೇಡಿ. ತೆಗೆದುಕೊಂಡಾಗ ಚೆನ್ನಾಗಿತ್ತು. ಕಂಪನಿ ಮಾರಾಟವಾಯಿತು. ಎರಡು ವರ್ಷ ಬಿಟ್ಟು ನಾನು ಕಂಪ್ಯೂಟರ್ ಬದಲಾಯಿಸಿದೆ. ಹೊಸ ವಿಂಡೋಸ್‌ಗೆ ಡ್ರೈವರ್ ಬರಲೇ ಇಲ್ಲ. ಮೇಲ್ ಹಾಕಿದೆ, "ಆ ಮಾಡೆಲ್ ಹಿಂದಿನ ಮಾಲೀಕರ ಕಾಲದ್ದು" ಅಂತ ಉತ್ತರ ಬಂತು. ಈಗಲೂ ಪ್ಲಗ್ ಹಾಕಿದರೆ ಹಸಿರು ದೀಪ ಹತ್ತುತ್ತದೆ. ಗೇನ್ ನಾಬ್ ಬೆಣ್ಣೆಯ ಹಾಗೆ ತಿರುಗುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಯಾರೆಂದೇ ಗೊತ್ತಿಲ್ಲ. ಈ ಬರಹ ಹುಟ್ಟಿದ್ದೇ ಆ ಹಸಿರು ದೀಪದಿಂದ ಅನ್ನಬಹುದು.

ಮನೆತನ ವಿಚಾರಿಸಿ

ಸಂಬಂಧ ನೋಡುವಾಗ ಹುಡುಗ ಹುಡುಗಿಗಿಂತ ಮೊದಲು ಮನೆತನ ವಿಚಾರಿಸುತ್ತಾರೆ ಅಲ್ವಾ, ಹಾಗೆ. ಕಡಿಮೆ ಬೆಲೆಯ ಮ್ಯೂಸಿಕ್ ಸಾಮಾನಿನಲ್ಲಿ ಹೆಸರುಗಳು ಮೂವತ್ತು ನಲವತ್ತು ಇದ್ದರೂ ಮನೆಗಳು ಅಷ್ಟಿಲ್ಲ.

ದೊಡ್ಡ ಮನೆ ಬೆಹ್ರಿಂಜರ್‌ನದು. ಉಲಿ ಬೆಹ್ರಿಂಜರ್ 1989ರಲ್ಲಿ ಜರ್ಮನಿಯಲ್ಲಿ ಶುರು ಮಾಡಿದ ಕಂಪನಿ, ಈಗ ಮ್ಯೂಸಿಕ್ ಟ್ರೈಬ್ ಅನ್ನುವ ಗುಂಪು. ಚೀನಾದ ಝೋಂಗ್‌ಶಾನ್‌ನಲ್ಲಿ ಅವರದೇ ದೊಡ್ಡ ಕಾರ್ಖಾನೆ ಇದೆ. ಇವರು 2009ರ ಕೊನೆಯಲ್ಲಿ ಇಂಗ್ಲೆಂಡಿನ ಮಿಡಾಸ್ ಮತ್ತು ಕ್ಲಾರ್ಕ್ ಟೆಕ್ನಿಕ್ ಅನ್ನು ಬಾಷ್‌ನಿಂದ ಕೊಂಡರು. 2012ರಲ್ಲಿ ಟರ್ಬೋಸೌಂಡ್ ಬಂತು. 2015ರಲ್ಲಿ ಟಿಸಿ ಗ್ರೂಪ್ ಪೂರ್ತಿ ಬಂತು, ಅಂದರೆ ಟಿಸಿ ಎಲೆಕ್ಟ್ರಾನಿಕ್, ಟಿಸಿ ಹೆಲಿಕಾನ್, ಟ್ಯಾನಾಯ್, ಲ್ಯಾಬ್ ಗ್ರೂಪನ್ ಎಲ್ಲ ಒಟ್ಟಿಗೆ.

ಎರಡನೆಯ ಮನೆ ಅಮೆರಿಕದ ಇನ್‌ಮ್ಯೂಸಿಕ್. ಜ್ಯಾಕ್ ಓ'ಡಾನಲ್ ಅನ್ನುವವರು 1992ರಲ್ಲಿ ನ್ಯುಮಾರ್ಕ್ ಕೊಂಡು ಶುರು ಮಾಡಿದ್ದು. 2001ರಲ್ಲಿ ದಿವಾಳಿಯಾಗಿದ್ದ ಅಲೆಸಿಸ್, ಆಮೇಲೆ ಅಕಾಯ್ ಪ್ರೊಫೆಷನಲ್, 2012ರಲ್ಲಿ ಎಂ-ಆಡಿಯೋ, 2014ರಲ್ಲಿ ಡೆನಾನ್ ಡಿಜೆ, 2023ರಲ್ಲಿ ಮೂಗ್ ಕೂಡ ಸೇರಿಕೊಂಡಿತು. ಮಕ್ಕಳಿಗೆ ಅಂತ ತೆಗೆದುಕೊಳ್ಳುವ ಅಲೆಸಿಸ್ ನೈಟ್ರೋ ಡ್ರಮ್ಸ್, ಅಕಾಯ್‌ನ ಪುಟ್ಟ ಎಂಪಿಕೆ ಮಿನಿ ಕೀಬೋರ್ಡು, ಎಂ-ಆಡಿಯೋ ಸೌಂಡ್ ಕಾರ್ಡು, ಎಲ್ಲ ಒಂದೇ ಮನೆಯವು. ತೊಂಬತ್ತರ ದಶಕದಲ್ಲಿ ಹಳೇ ಟಿವಿ ಕೊಟ್ಟು ಅಕಾಯ್ ಟಿವಿ ತಂದವರ ಮನೆಯವರು "ಓ, ಆ ಅಕಾಯ್" ಅನ್ನುತ್ತಾರೆ. ಹೆಸರಿನ ಬೇರು ಜಪಾನಿನ ಅದೇ ಕಂಪನಿಯದು, ಆದರೆ ಟಿವಿಗೂ ಈಗಿನ ಈ ಸಾಮಾನಿಗೂ ಏನೂ ಸಂಬಂಧವಿಲ್ಲ. ಡೆನಾನ್ ಕೂಡ ಹಾಗೇ. ಡಿಜೆ ಸಾಮಾನು ಒಬ್ಬರದು, ಮನೆಯ ಆಂಪ್ಲಿಫೈಯರ್ ಇನ್ನೊಬ್ಬರದು. ಸೆನ್‌ಹೈಸರ್ ಇನ್ನೂ ಮಜಾ. 2022ರಲ್ಲಿ ಮನೆಬಳಕೆಯ ಹೆಡ್‌ಫೋನುಗಳು ಸ್ವಿಟ್ಜರ್ಲೆಂಡಿನ ಸೊನೋವಾ ಕಂಪನಿಗೆ ಹೋದವು, ಸ್ಟೇಜಿನ ಮೈಕುಗಳು ಇವತ್ತಿಗೂ ಹಳೇ ಸೆನ್‌ಹೈಸರ್ ಕುಟುಂಬದವೇ. ಒಂದೇ ಹೆಸರು, ಎರಡು ಒಲೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಜೆಬಿಎಲ್, ಎಕೆಜಿ, ಸೌಂಡ್‌ಕ್ರಾಫ್ಟ್, ಡಿಬಿಎಕ್ಸ್ ಇರುವ ಹರ್ಮನ್ 2017ರಿಂದ ಸ್ಯಾಮ್‌ಸಂಗ್‌ನದು. ಲೈನ್ 6 ಯಮಹಾದು. ನೋವೇಷನ್ ಮತ್ತು ಆಡಮ್ ಆಡಿಯೋ ಫೋಕಸ್‌ರೈಟ್‌ನವು. ಪ್ರಿಸೋನಸ್ 2021ರಿಂದ ಫೆಂಡರ್‌ನದು. ಮ್ಯಾಕಿ 2023ರ ಕೊನೆಯಲ್ಲಿ ಆಸ್ಟ್ರೇಲಿಯಾದ ರೋಡ್ (RØDE) ಅನ್ನುವ ಕಂಪನಿಯ ಕೈಗೆ ಹೋಯಿತು.

ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ನೀವು ಕೊಳ್ಳುವ ಒಂದೇ ಒಂದು ಹೆಸರಿನ ಬಗ್ಗೆ ಮೂರು ವಿಷಯ ಬರೆದುಕೊಳ್ಳಿ: ಈಗ ಯಾರದು, ಯಾವ ವರ್ಷ ಕೈ ಬದಲಾಯಿತು, ನೀವು ನೋಡಿರುವ ಮಾಡೆಲ್ ಹುಟ್ಟಿದ್ದು ಅದಕ್ಕೆ ಮುಂಚೆಯೋ ಆಮೇಲೋ. ಈ ಮೂರನೆಯದೇ ಮುಖ್ಯ. ಹೊಸ ಮಾಲೀಕರೇ ಹುಟ್ಟಿಸಿದ ಮಾಡೆಲ್ಲನ್ನು ಅವರು ಸಾಕುತ್ತಾರೆ. ಹಿಂದಿನವರ ಮಾಡೆಲ್ ಅವರಿಗೆ ಮಲಮಗು. ಸಾಕಿದರೆ ಪುಣ್ಯ.

ಗಾಳಿಮಾತಿನ ಇಸವಿ ನೋಡಿ

"ತಗೊಂಡಮೇಲೆ ಹಾಳಾಯ್ತು" ಅನ್ನುವ ಮಾತು ಮ್ಯೂಸಿಕ್ ಸಾಮಾನಿನಲ್ಲಿ ಬಹಳ ಹಳೆಯದು. 1965ರಲ್ಲಿ ಸಿಬಿಎಸ್ ಕಂಪನಿ ಫೆಂಡರ್ ಅನ್ನು ಕೊಂಡಿತು. ಅದಕ್ಕಿಂತ ಮುಂಚಿನ ಗಿಟಾರ್‌ಗಳಿಗೆ ಇವತ್ತಿಗೂ ಕಣ್ಣು ತಿರುಗುವ ಬೆಲೆ. 1985ರಲ್ಲಿ ಅಲ್ಲಿನ ನೌಕರರೇ ಸೇರಿ ಕಂಪನಿಯನ್ನು ವಾಪಸ್ ಕೊಂಡರು. ಆ ಒಂದು ಕಥೆ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ, ಹಾಗಾಗಿ ಎಲ್ಲಿ ಏನು ಮಾರಾಟವಾದರೂ ಜನ ಅದೇ ರಾಗ ಹಾಡುತ್ತಾರೆ.

ಎಕೆಜಿಯ ಕೆ240 ಹೆಡ್‌ಫೋನಿನ ವಿಷಯ ನೋಡಿ. ಸ್ಯಾಮ್‌ಸಂಗ್ ಬಂದ ಮೇಲೆ 2017ರಲ್ಲಿ ವಿಯೆನ್ನಾದ ಆಫೀಸು ಕಾರ್ಖಾನೆ ಎರಡೂ ಮುಚ್ಚಿದವು. ಇದು ನಿಜ. ಅಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳು ಸೇರಿ ಆಸ್ಟ್ರಿಯನ್ ಆಡಿಯೋ ಅಂತ ಹೊಸ ಕಂಪನಿ ಮಾಡಿದರು, ಅದೂ ನಿಜ. ಆದರೆ "ಕೆ240 ಚೀನಾಕ್ಕೆ ಹೋಗಿದ್ದು ಸ್ಯಾಮ್‌ಸಂಗ್‌ನಿಂದ" ಅನ್ನುತ್ತಾರಲ್ಲ, ಅದು ಸುಳ್ಳು. ಸ್ಯಾಮ್‌ಸಂಗ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಚೀನಾದ ಕೆ240 ಅಂಗಡಿಯಲ್ಲಿತ್ತು. ಎಕೆಜಿಯನ್ನು ಹರ್ಮನ್ ತೊಂಬತ್ತರ ದಶಕದಲ್ಲೇ ಕೊಂಡಿತ್ತು. ಎರಡು ಸುದ್ದಿಯನ್ನು ಒಂದಕ್ಕೊಂದು ಗಂಟು ಹಾಕಿ ಮೂರನೆಯದನ್ನು ಹುಟ್ಟಿಸುವುದರಲ್ಲಿ ನಾವೆಲ್ಲ ಜಾಣರು.

ಬೆಹ್ರಿಂಜರ್ ಮೇಲಿನ ಮಾತುಗಳೂ ಬಹಳಷ್ಟು ಹಳೆಯ ಕಾಲದವು. ಬೇರೆಯವರ ಡಿಸೈನ್ ನಕಲು ಮಾಡುತ್ತಾರೆ ಅಂತ 1997ರಲ್ಲಿ ಮ್ಯಾಕಿ ಕೇಸ್ ಹಾಕಿತ್ತು. ಗಿಟಾರ್ ಪೆಡಲ್‌ಗಳು ಥೇಟ್ ತಮ್ಮ ಬಾಸ್ (BOSS) ಬ್ರ್ಯಾಂಡಿನ ಪೆಡಲ್ ಥರ ಇವೆ ಅಂತ 2005ರಲ್ಲಿ ರೋಲ್ಯಾಂಡ್ ಕೋರ್ಟಿಗೆ ಹೋಗಿತ್ತು. ಆ ಕಾಲದಲ್ಲಿ ಕೊಂಡು ಕೈ ಸುಟ್ಟುಕೊಂಡವರು ಇವತ್ತಿಗೂ ಆ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ. ಅವರ ಅನುಭವ ಸುಳ್ಳಲ್ಲ. ಆದರೆ ಅದು ಇಪ್ಪತ್ತು ವರ್ಷ ಹಿಂದಿನ ಡಬ್ಬದ ಅನುಭವ. ನೀವು ಕೊಳ್ಳುವುದು ಈ ವರ್ಷದ ಡಬ್ಬ.

ಇನ್ನೊಂದು ಮೋಸ "ಹಳೇದು ಕಬ್ಬಿಣ, ಹೊಸದು ಕಾಗದ" ಅನ್ನುವುದು. ನಮ್ಮ ಸ್ಟೇಜುಗಳಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಮಿಕ್ಸರ್ ಇದೆ, ಒಪ್ಪುತ್ತೇನೆ. ಅದರ ಜೊತೆ ಹುಟ್ಟಿ ಮೂರೇ ವರ್ಷಕ್ಕೆ ಗುಜರಿಗೆ ಹೋದ ಅಣ್ಣತಮ್ಮಂದಿರನ್ನು ಯಾರು ಎಣಿಸಿದ್ದಾರೆ? ಉಳಿದದ್ದಷ್ಟೇ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ಜನರ ಅಭಿಪ್ರಾಯ ಓದುವಾಗ ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿ. ಮಾಲೀಕರು ಬದಲಾಗಿ ಒಂದು ವರ್ಷ ಕಳೆದ ಮೇಲೆ ಬರೆದಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಯಾಕೆ ಒಂದು ವರ್ಷ ಅಂದರೆ, ಮೊದಲ ವರ್ಷ ಅಂಗಡಿಯಲ್ಲಿ ಇರುವುದು ಬಹುತೇಕ ಹಿಂದಿನವರ ಸ್ಟಾಕೇ. ಐದು ಸ್ಟಾರ್ ಕೊಟ್ಟವನು ಡಬ್ಬ ಒಡೆದ ದಿನ ಬರೆದಿರುತ್ತಾನೆ, ಒಂದು ಸ್ಟಾರಿನವನಿಗೆ ಕೊರಿಯರ್‌ನವನ ಮೇಲೆ ಸಿಟ್ಟಿರುತ್ತದೆ. ಮೂರು ಸ್ಟಾರಿನವರನ್ನು ಓದಿ. "ಎಂಟು ತಿಂಗಳಾದಮೇಲೆ ಎರಡನೇ ಚಾನೆಲ್ ಕರಕರ ಅನ್ನುತ್ತೆ" ಅನ್ನುವಂಥ ಮಾತು ಸಿಗುವುದು ಅಲ್ಲಿ. ಅದೇ ಮಾತನ್ನು ನಾಲ್ಕು ಜನ ಬೇರೆ ಬೇರೆ ತಿಂಗಳಲ್ಲಿ ಬರೆದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ.

ಕೊಂಡವನಿಗೆ ಏನು ಬೇಕಿತ್ತು?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕಂಪನಿಯ ಮುಂದಿನ ಐದು ವರ್ಷ ಇದರ ಮೇಲೆ ನಿಂತಿರುತ್ತದೆ. ಕೊಂಡವನು ಕಸುಬಿಗಾಗಿ ಕೊಂಡನಾ, ಹೆಸರಿಗಾಗಿ ಕೊಂಡನಾ?

ಬೆಹ್ರಿಂಜರ್‌ಗೆ ಕಾರ್ಖಾನೆ ಇತ್ತು, ಅಗ್ಗಕ್ಕೆ ಮಾಡುವ ಕಲೆಯೂ ಇತ್ತು. ಮರ್ಯಾದೆ ಇರಲಿಲ್ಲ. ಮಿಡಾಸ್‌ಗೆ ದೊಡ್ಡ ದೊಡ್ಡ ಸಂಗೀತ ಕಛೇರಿ ನಡೆಸಿದ ಕನ್ಸೋಲ್‌ಗಳ, ಅಂದರೆ ಭಾರೀ ಮಿಕ್ಸರ್‌ಗಳ ಮರ್ಯಾದೆ ಇತ್ತು, ಮೈಕಿನ ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ಪ್ರಿಆಂಪ್ ಡಿಸೈನ್ ಮಾಡುವ ಎಂಜಿನಿಯರುಗಳಿದ್ದರು. ಎರಡೂ ಸೇರಿ 2012ರಲ್ಲಿ ಎಕ್ಸ್32 ಅನ್ನುವ ಡಿಜಿಟಲ್ ಮಿಕ್ಸರ್ ಬಂತು. ಅದುವರೆಗೆ ಡಿಜಿಟಲ್ ಮಿಕ್ಸರ್ ಅಂದರೆ ಶ್ರೀಮಂತ ಬಾಡಿಗೆ ಕಂಪನಿಗಳ ಸೊತ್ತು. ಅದಾದಮೇಲೆ ತಾಲೂಕು ಮಟ್ಟದ ಸೌಂಡ್ ಸಿಸ್ಟಂನವರೂ ಅದನ್ನು ನೋಡುವಂತಾಯಿತು. ಕೈ ಬದಲಾದದ್ದರಿಂದ ಅಗ್ಗದ ಸಾಮಾನು ಸುಧಾರಿಸಿದ್ದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು.

ಆದರೆ ಡಬ್ಬದ ಮೇಲೆ ಮಿಡಾಸ್ ಅಂತ ಬರೆದಿದ್ದಾರೆ ಅಂತ ಮರುಳಾಗಬೇಡಿ. ಬೆಹ್ರಿಂಜರ್ ಸೌಂಡ್ ಕಾರ್ಡುಗಳಲ್ಲೇ ನೋಡಿ. ಯುಎಂ2ರಲ್ಲಿ ಅವರದೇ ಹಳೇ ಝೆನಿಕ್ಸ್ ಪ್ರಿಆಂಪ್, ಯುಎಂಸಿ22ರಲ್ಲಿ ಮಿಡಾಸ್ ಡಿಸೈನಿನ ಪ್ರಿಆಂಪ್. ಅಲ್ಲಿಗೆ ಸರಿ. ಆದರೆ ವಿಂಡೋಸ್‌ನಲ್ಲಿ ಎರಡಕ್ಕೂ ಧ್ವನಿ ತಡವಾಗದಂತೆ ನೋಡಿಕೊಳ್ಳುವ ಆಸಿಯೋ ಡ್ರೈವರ್ ಕಂಪನಿಯದೇ ಆದದ್ದು ಇಲ್ಲ, ಆಸಿಯೋ4ಆಲ್ ಅನ್ನುವ ಸಾಮಾನ್ಯ ಡ್ರೈವರಿನಲ್ಲಿ ಸುಧಾರಿಸಬೇಕು. ಸ್ವಲ್ಪ ಜಾಸ್ತಿ ಕೊಟ್ಟು ಯುಎಂಸಿ202ಎಚ್‌ಡಿ ತೆಗೆದುಕೊಂಡರೆ ಸ್ವಂತ ಡ್ರೈವರ್ ಬರುತ್ತದೆ. ಹಾಡುತ್ತಾ ನಿಮ್ಮದೇ ಧ್ವನಿಯನ್ನು ಹೆಡ್‌ಫೋನಿನಲ್ಲಿ ತಡವಿಲ್ಲದೆ ಕೇಳಬೇಕು ಅನ್ನುವವರಿಗೆ ಮಿಡಾಸ್ ಹೆಸರಿಗಿಂತ ಇದು ಮುಖ್ಯ.

ಯಮಹಾ ಮತ್ತು ಲೈನ್ 6ದು ಕೂಡ ಒಳ್ಳೇ ಸಂಬಂಧ. ಯಮಹಾಗೆ ಗಿಟಾರ್ ಪ್ರೊಸೆಸರ್ ಗೊತ್ತಿದ್ದವರು ಬೇಕಿತ್ತು, 2013ರ ಕೊನೆಯಲ್ಲಿ ಮಾತು ಮುಗಿಯಿತು, 2015ರಲ್ಲಿ ಹೀಲಿಕ್ಸ್ ಅನ್ನುವ ಪ್ರೊಸೆಸರ್ ಬಂತು. ಆ ಮೇಲೆ ವರ್ಷಗಟ್ಟಲೆ ಬಿಟ್ಟಿ ಅಪ್‌ಡೇಟ್ ಕೊಟ್ಟರು. ನೋವೇಷನ್ 2004ರಿಂದ ಫೋಕಸ್‌ರೈಟ್ ಜೊತೆ ಇದೆ, ಲಾಂಚ್‌ಪ್ಯಾಡ್ ಅನ್ನುವ ಗುಂಡಿಗಳ ಹಲಗೆ ಹುಟ್ಟಿದ್ದೇ ಈ ಮನೆಯಲ್ಲಿ.

ಇನ್ನೊಂದು ಕಡೆ ನೋಡಿ. ಬ್ಲೂ ಅನ್ನುವ ಮೈಕ್ ಕಂಪನಿಯನ್ನು ಲಾಜಿಟೆಕ್ 2018ರಲ್ಲಿ ಕೊಂಡಿತು. 2023ರ ಹೊತ್ತಿಗೆ ಬ್ಲೂ ಅನ್ನುವ ಹೆಸರನ್ನೇ ಬದಿಗಿಟ್ಟರು. ಯೇಟಿ ಮೈಕ್ ಬದುಕಿದೆ, ಈಗ ಲಾಜಿಟೆಕ್ ಜಿ ಹೆಸರಿನಲ್ಲಿ. ಕೇಕ್‌ವಾಕ್ ಕಥೆಯಂತೂ ಕೇಳಲೇಬೇಕು. ಅದು ಸಾಮಾನಲ್ಲ, ರೆಕಾರ್ಡಿಂಗ್ ಸಾಫ್ಟ್‌ವೇರ್. 2013ರಲ್ಲಿ ರೋಲ್ಯಾಂಡ್‌ನಿಂದ ಗಿಬ್ಸನ್‌ಗೆ ಹೋಯಿತು. 2016ರಲ್ಲಿ ಜೀವಮಾನದ ಅಪ್‌ಡೇಟ್ ಅಂತ ದುಡ್ಡು ತೆಗೆದುಕೊಂಡರು. 2017ರ ನವೆಂಬರಿನಲ್ಲಿ ಕೆಲಸ ನಿಲ್ಲಿಸಿದೆವು ಅಂತ ಗಿಬ್ಸನ್ ಹೇಳಿತು. ಜೀವಮಾನ ಅಂದದ್ದು ಯಾರದ್ದು ಅಂತ ಕೇಳಬೇಕಿತ್ತು ಅಷ್ಟೇ. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಬಿಟ್ಟಿ ಕೊಟ್ಟಿತು. ದುಡ್ಡು ಕೊಟ್ಟವರು ಪಾಪ, ಯಾರ ಹತ್ತಿರ ಅಳಬೇಕು?

ಇವೆರಡರ ನಡುವೆ ತ್ರಿಶಂಕುವಿನ ಹಾಗೆ ನೇತಾಡುವ ಕಾಲವೂ ಇರುತ್ತದೆ. ಹರ್ಮನ್ ಮನೆಯಲ್ಲಿದ್ದ ಡಿಜಿಟೆಕ್ ಗಿಟಾರ್ ಪೆಡಲ್‌ಗಳು ಸ್ಯಾಮ್‌ಸಂಗ್ ಕಾಲದಲ್ಲಿ ಕೆಲವು ವರ್ಷ ಸದ್ದೇ ಇಲ್ಲದೆ ಇದ್ದವು. 2022ರಲ್ಲಿ ಕಾರ್ಟ್ ಗಿಟಾರ್ ಮಾಡುವ ಕೊರಿಯಾದ ಕಾರ್ಟೆಕ್ ಕೊಂಡ ಮೇಲೆ ಮತ್ತೆ ಉಸಿರಾಡಿದವು. ಆ ನಡುವಿನ ಕಾಲದಲ್ಲಿ ಅಂಗಡಿಯವನು ಭಾರೀ ಡಿಸ್ಕೌಂಟ್ ಕೊಡುತ್ತಾನೆ. ಡಿಸ್ಕೌಂಟ್ ಯಾಕೆ ಅಂತ ನೀವು ಕೇಳದಿದ್ದರೆ ಅವನಂತೂ ಹೇಳುವುದಿಲ್ಲ. ಸಾದಾ ಪೆಡಲ್ ಆದರೆ ಆ ಡಿಸ್ಕೌಂಟ್ ಬಾಚಿಕೊಳ್ಳಿ, ನಾನೂ ಬಾಚಿಕೊಂಡಿದ್ದೇನೆ. ಕಂಪ್ಯೂಟರ್ ಬೇಕಾಗುವ ಸಾಮಾನಾದರೆ ಕೈ ಕಟ್ಟಿಕೊಂಡು ನಿಲ್ಲಿ.

ದುಡ್ಡು ಹೂಡುವ ಕಂಪನಿಗಳ ಕೈಯಿಂದ ಕೈಗೆ ಹೋಗುವ ಬ್ರ್ಯಾಂಡ್‌ಗಳೂ ಇವೆ. ಮ್ಯಾಕಿ 2003ರಲ್ಲಿ ಸನ್ ಕ್ಯಾಪಿಟಲ್, 2017ರಲ್ಲಿ ಟ್ರಾನ್ಸಮ್ ಕ್ಯಾಪಿಟಲ್ ಅಂತ ಇಬ್ಬರು ಹೂಡಿಕೆದಾರರನ್ನು ನೋಡಿ ಈಗ ಮೈಕ್ ಮಾಡುವ ರೋಡ್ ಮನೆಗೆ ಬಂದಿದೆ. ಕಸುಬು ಗೊತ್ತಿದ್ದವನ ಮನೆಗೆ ಬಂದದ್ದು ಒಳ್ಳೆಯ ಲಕ್ಷಣ ಅಂತ ನನ್ನ ಎಣಿಕೆ. ಎಣಿಕೆ ಅಷ್ಟೇ, ಇದರ ಮೇಲೆ ಸಾಲ ಮಾಡಬೇಡಿ.

ಡೌನ್‌ಲೋಡ್ ಪುಟದಲ್ಲಿ ಹತ್ತು ನಿಮಿಷ

ದುಡ್ಡು ಕೊಡುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಅಥವಾ ಸಪೋರ್ಟ್ ಅನ್ನುವ ಜಾಗಕ್ಕೆ ಹೋಗಿ. ಬಣ್ಣಬಣ್ಣದ ಮುಖಪುಟ ಬೇಡ. ನಿಮ್ಮ ಮಾಡೆಲ್ ಹುಡುಕಿ, ಕೊನೆಯ ಡ್ರೈವರ್ ಯಾವ ತಾರೀಖಿನದು ನೋಡಿ. ವಿಂಡೋಸ್ 11 ಅಂತ ಬರೆದಿದ್ದಾರಾ? 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದರಿಂದ ಇವತ್ತಲ್ಲ ನಾಳೆ ನೀವು ಅಲ್ಲಿಗೆ ಹೋಗಲೇಬೇಕು. ಮ್ಯಾಕ್ ಇದ್ದವರು ಆಪಲ್‌ನ ಸ್ವಂತ ಚಿಪ್‌ಗೆ, ಅಂದರೆ 2020ರ ಎಂ1 ಮತ್ತು ಆಮೇಲಿನವಕ್ಕೆ ನಡೆಯುತ್ತದಾ ಅಂತ ಹುಡುಕಿ.

ಆಮೇಲೆ ಒಂದು ಕುತಂತ್ರ. ಅದೇ ಕಂಪನಿ ಮಾರಾಟಕ್ಕೆ ಮುಂಚೆ ಮಾಡಿದ ಯಾವುದಾದರೂ ಹಳೇ ಮಾಡೆಲ್ ಹುಡುಕಿ. ಅದರ ಡ್ರೈವರ್, ಮ್ಯಾನುಯಲ್ ಇನ್ನೂ ಇಟ್ಟಿದ್ದಾರಾ? ಇಟ್ಟಿದ್ದರೆ ಆ ಮನೆಯಲ್ಲಿ ಹಿರಿಯರಿಗೆ ಊಟ ಹಾಕುತ್ತಾರೆ ಅಂತ ಅರ್ಥ. ಆ ಮಾಡೆಲ್ ಹೆಸರೇ ಅಳಿಸಿಹೋಗಿದ್ದರೆ ನಾಳೆ ನಿಮ್ಮದಕ್ಕೂ ಅದೇ ಗತಿ.

ಇನ್ನೂ ಒಳ್ಳೆಯ ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಫೋನಿಗೆ ಯುಎಸ್‌ಬಿ ಸಾಮಾನು ಸಿಕ್ಕಿಸುವ ಒಂದು ಓಟಿಜಿ ಕೇಬಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಸೌಂಡ್ ಕಾರ್ಡನ್ನು ನಿಮ್ಮ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ, ರೆಕಾರ್ಡಿಂಗ್ ಆ್ಯಪ್ ತೆರೆದು ಮೈಕಿನಲ್ಲಿ ಎರಡು ಮಾತಾಡಿ, ಮೈಕನ್ನು ಬೆರಳಿನಿಂದ ತಟ್ಟಿ. ಮೈಕಿನದೇ ಧ್ವನಿ ಬಂದರೆ ಆ ಕಾರ್ಡಿಗೆ ಕಂಪನಿಯ ಡ್ರೈವರಿನ ಹಂಗಿಲ್ಲ, ಯುಎಸ್‌ಬಿಯ ಸಾಮಾನ್ಯ ಭಾಷೆಯಲ್ಲೇ ಮಾತಾಡುತ್ತದೆ. ಕಂಪನಿ ಇರಲಿ ಹೋಗಲಿ, ಯಾವುದಾದರೂ ಒಂದು ಕಂಪ್ಯೂಟರ್ ಅದನ್ನು ಗುರುತಿಸುತ್ತದೆ. ಕೆಲವು ಕಾರ್ಡುಗಳಿಗೆ ಫೋನಿನ ಕರೆಂಟು ಸಾಲದೆ ದೀಪ ಮಿಣಿಮಿಣಿ ಅನ್ನುತ್ತದೆ. ಆಗ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಹಾಕಿ ನೋಡಿ.

ಡಿಜಿಟಲ್ ಮಿಕ್ಸರ್ ಆದರೆ ಆ್ಯಪ್ ಸ್ಟೋರಿನಲ್ಲಿ ಅದರ ಆ್ಯಪ್ ಯಾವಾಗ ಕೊನೆಗೆ ಅಪ್‌ಡೇಟ್ ಆಗಿದೆ ನೋಡಿ. ಮೈಮೇಲೆ ಫೇಡರ್, ಅಂದರೆ ಸೌಂಡು ಏರಿಸಿ ಇಳಿಸುವ ಜಾರುಗುಂಡಿ ಇಲ್ಲದ, ಬರೀ ಟ್ಯಾಬ್‌ನಲ್ಲಿ ನಡೆಸುವ ಮಿಕ್ಸರ್ ಆ್ಯಪ್ ಸತ್ತ ದಿನ ತಾನೂ ಸಾಯುತ್ತದೆ. ಇದನ್ನು ಹೇಳಿದರೆ ಅಂಗಡಿಯವರಿಗೆ ಇಷ್ಟವಾಗುವುದಿಲ್ಲ.

ಡಬ್ಬದ ಮೇಲಿನ ಚೀಟಿ

ನಮ್ಮ ದೇಶದಲ್ಲಿ ಆಮದು ಮಾಡಿದ ಡಬ್ಬದ ಮೇಲೆ ಆಮದುದಾರನ ಹೆಸರು, ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇರಲೇಬೇಕು ಅಂತ ಕಾನೂನಿದೆ. ಎಲ್ಲರೂ ಎಂಆರ್‌ಪಿ ಓದಿ ಬಿಡುತ್ತಾರೆ. ಆಮದುದಾರನ ಹೆಸರು ಓದಿ. ಕೈ ಬದಲಾದ ಮೇಲೆ ವಾರಂಟಿಯ ಗೋಳು ಹುಟ್ಟುವುದು ಇಲ್ಲಿ.

ಹೊಸ ಮಾಲೀಕ ಬಂದರೆ ಇಲ್ಲಿನ ಡಿಸ್ಟ್ರಿಬ್ಯೂಟರ್ ಬದಲಾಗಬಹುದು. ಹಳಬ "ಈಗ ನಾವು ನೋಡಿಕೊಳ್ಳುತ್ತಿಲ್ಲ" ಅನ್ನುತ್ತಾನೆ, ಹೊಸಬ "ನಮ್ಮಿಂದ ಹೋದ ಪೀಸ್ ಅಲ್ಲ" ಅನ್ನುತ್ತಾನೆ. ಡಬ್ಬದ ಚೀಟಿಯಲ್ಲಿರುವ ಹೆಸರು ಮತ್ತು ಕಂಪನಿಯ ವೆಬ್‌ಸೈಟ್ ಇವತ್ತು ಭಾರತಕ್ಕೆ ತೋರಿಸುವ ಹೆಸರು ಒಂದೇ ಇದೆಯಾ ಹೋಲಿಸಿ. ಬೇರೆಯಾಗಿದ್ದರೆ ಆ ಪೀಸ್ ಹಳೇ ಸ್ಟಾಕು. ತೆಗೆದುಕೊಳ್ಳಲೇಬಾರದು ಅಂತಲ್ಲ, ವಾರಂಟಿ ಇಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಚೌಕಾಸಿ ಮಾಡಿ. ಚೀಟಿಯೇ ಇಲ್ಲದಿದ್ದರೆ ಯಾರೋ ಸೂಟ್‌ಕೇಸಿನಲ್ಲಿ ತಂದದ್ದು.

ಅಂಗಡಿಯವನಿಗೆ ಕೇಳಬೇಕಾದ್ದು ಎರಡೇ ಮಾತು. "ಕೆಟ್ಟರೆ ನೀವೇ ಇಸ್ಕೊಳ್ತೀರಾ, ನಾನೇ ಕಳಿಸ್ಬೇಕಾ? ಸರ್ವಿಸ್ ಯಾವ ಊರಲ್ಲಿ?" ಮುಂಬಯಿ ಅಥವಾ ದೆಹಲಿ ಅಂದರೆ ಕೊರಿಯರ್ ಖರ್ಚು ಯಾರದ್ದು ಅಂತ ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ. ಆರು ಕಿಲೋ ಮಿಕ್ಸರ್ ಎರಡು ಸಲ ದೆಹಲಿಗೆ ಹೋಗಿ ಬಂದರೆ ಉಳಿತಾಯವೆಲ್ಲ ಕೊರಿಯರ್‌ನವನಿಗೇ. ಇಂಥ ವಿಷಯದಲ್ಲಿ ಬೆಂಗಳೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡ ಸಂಗೀತದವರನ್ನು ಕಂಡರೆ ಹೊಟ್ಟೆಕಿಚ್ಚು. ಮಾಡಿದವರು ಇದೇ ರಾಜ್ಯದಲ್ಲಿದ್ದಾರೆ.

ಅಂಗಡಿಯಲ್ಲಿ, ಆಮೇಲೆ ಸ್ಟೇಜಿನಲ್ಲಿ

ಡೆಮೋ ಪೀಸ್ ಬೇಡ, ನಿಮಗೆ ಕೊಡುವ ಪೀಸನ್ನೇ ತೆಗೆಸಿ. ಎಲ್ಲ ನಾಬ್ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಹೆಡ್‌ಫೋನಿನಲ್ಲಿ ಕರಕರ ಬರಬಾರದು. ಜಾಕ್ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿ. ಜಾಕಿನ ಜೊತೆ ಬೋರ್ಡೇ ಅಲುಗಿದ ಹಾಗೆ ಅನಿಸಿದರೆ ಬೇಡ, ಏಕೆಂದರೆ ಅಗ್ಗದ ಮಿಕ್ಸರ್‌ಗಳಲ್ಲಿ ಜಾಕನ್ನು ನೇರ ಬೋರ್ಡಿಗೆ ಬೆಸೆದಿರುತ್ತಾರೆ, ಬಾಡಿಗೆ ನಟ್ ಹಾಕಿ ಬಿಗಿದಿರುವುದಿಲ್ಲ, ಹತ್ತು ಕಾರ್ಯಕ್ರಮ ಆಗುವಷ್ಟರಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಮೈಕಿಗೆ ಕರೆಂಟು ಕಳಿಸುವ ಫ್ಯಾಂಟಮ್ ಪವರ್ ಹಾಕಿ, ಅದು ಬೇಕಾಗುವ ಕಂಡೆನ್ಸರ್ ಮೈಕಿನಲ್ಲಿ ಧ್ವನಿ ಬರುತ್ತದಾ ನೋಡಿ. ಅರ್ಧ ಗಂಟೆ ಆನ್ ಮಾಡಿಟ್ಟು ತಳ ಮುಟ್ಟಿ. ಬೆಚ್ಚಗಿದ್ದರೆ ಸರಿ, ದೋಸೆ ಹಂಚಾದರೆ ಬೇಡ.

ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಸಾಮಾನು ಸಾಯುವುದು ಕಂಪನಿ ಮಾರಾಟದಿಂದ ಅಲ್ಲ, ಜನರೇಟರಿನಿಂದ. ಪೆಂಡಾಲಿನ ಕರೆಂಟು ಒಮ್ಮೆ 170 ವೋಲ್ಟು, ಒಮ್ಮೆ 270. ಅರ್ಥಿಂಗ್ ಅನ್ನುವುದು ದೇವರ ದಯೆ. ಮೇಲೆ ಬಯಲುಸೀಮೆಯ ಧೂಳು, ಕರಾವಳಿ ಮಲೆನಾಡಿನಲ್ಲಾದರೆ ತೇವಕ್ಕೆ ಫೇಡರಿನೊಳಗೆ ತುಕ್ಕು. ಎರಡು ಸಾವಿರದ ಸ್ಟೆಬಿಲೈಸರ್, ಒಂದು ಬಟ್ಟೆಯ ಮುಸುಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಆನ್ ಮಾಡಿ ಒಂದು ಗಂಟೆ ಇಡುವುದು. ಹೆಸರಾಂತ ಬ್ರ್ಯಾಂಡಿಗೆ ಜಾಸ್ತಿ ದುಡ್ಡು ಹಾಕಿ ಇದಿಷ್ಟು ಮಾಡದವನ ಮಿಕ್ಸರಿಗಿಂತ, ಅಗ್ಗದ್ದು ತಂದು ಇದಿಷ್ಟು ಮಾಡಿದವನ ಮಿಕ್ಸರ್ ಹೆಚ್ಚು ಕಾಲ ಬಾಳಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು "ಇದು ಹಳೇ ಕಂಪನಿ ಕಾಲದ್ದು, ಒರಿಜಿನಲ್" ಅನ್ನುವ ಮಾತಿಗೆ ಜಾಸ್ತಿ ಕೊಡಬೇಡಿ. ಮುಚ್ಚಳ ತೆಗೆಯಲು ಬಿಟ್ಟರೆ ಐಸಿಗಳ ಮೇಲೆ ನಾಲ್ಕು ಅಂಕಿ ಹುಡುಕಿ. 1423 ಅಂತಿದ್ದರೆ ಸಾಮಾನ್ಯವಾಗಿ 2014ರ 23ನೇ ವಾರ ಅಂತ. ಹತ್ತಾರು ಐಸಿಗಳಲ್ಲಿ ತೀರಾ ಈಚಿನ ಅಂಕಿ ಯಾವುದೋ, ಮಿಕ್ಸರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಒಂದೇ ಒಂದು ಐಸಿ ಮಾತ್ರ ಹೊಸದಿದ್ದರೆ ಅಲ್ಲಿ ರಿಪೇರಿ ಆಗಿದೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದನ್ನು ಬದಲಾಯಿಸುವ ಖರ್ಚು ಕಳೆದು ಬೆಲೆ ಹೇಳಿ.

ಅಡಾಪ್ಟರ್ ವಿಷಯ ಮರೆತೇಬಿಡುತ್ತಿದ್ದೆ. ಬೆಹ್ರಿಂಜರ್‌ನ ಝೆನಿಕ್ಸ್ 802, 1202ರಂಥ ಪುಟ್ಟ ಮಿಕ್ಸರ್, ಯಮಹಾದ ಎಂಜಿ10ಎಕ್ಸ್‌ಯು, ಇವಕ್ಕೆಲ್ಲ ಬರುವುದು ಮೂರು ಪಿನ್ನಿನ ಎಸಿ ಅಡಾಪ್ಟರ್. ಎಸಿ ಒಳಗೆ ಬಂದು ಅಲ್ಲಿ ಪ್ಲಸ್ಸು ಮೈನಸ್ಸು ಎರಡೂ ಆಗುತ್ತದೆ, ಹಾಗಾಗಿ ಸೆಟ್‌ಟಾಪ್ ಬಾಕ್ಸಿನ ಡಿಸಿ ಅಡಾಪ್ಟರ್ ನಡೆಯುವುದಿಲ್ಲ. ಒಂದು ಕಂಪನಿಯದು ಇನ್ನೊಂದಕ್ಕೆ ಹಾಕಲೂಬಾರದು, ಪಿನ್ ಕೂತರೂ ವೋಲ್ಟು ಬೇರೆ. ಕೈ ಬದಲಾದಾಗ ಅಂಗಡಿಗಳಿಂದ ಮೊದಲು ಮಾಯವಾಗುವ ಸ್ಪೇರ್ ಇದೇ. ಮಿಕ್ಸರ್ ಕೊಂಡ ದಿನವೇ ಇನ್ನೊಂದು ಅಡಾಪ್ಟರ್ ಕೊಂಡಿಡಿ.

ಹೋದ ಸಲ ಫೋನ್ ಮಾಡಿದ ಹುಡುಗನಿಗೂ ಇದನ್ನೇ ಹೇಳಿದ್ದೆ. ಸಾದಾ ಅನಲಾಗ್ ಮಿಕ್ಸರ್ ತೆಗೆದುಕೊಂಡ, ಸೌಂಡು ಚೆನ್ನಾಗಿದೆ, ಮಾಲೀಕ ಯಾರಾದರೇನು ಅಂತ ಖುಷಿಯಲ್ಲಿದ್ದ. ಎರಡನೇ ಅಡಾಪ್ಟರ್ ಆಮೇಲೆ ನೋಡೋಣ ಅಂದ. ಐದನೇ ದಿನದ ಗಣಪತಿ ಬಿಡುವ ರಾತ್ರಿ ಹತ್ತೂವರೆಗೆ ಫೋನ್ ಬಂತು. ಹಿಂದೆ ಡೊಳ್ಳು ಬಡಿಯುತ್ತಿದ್ದುದರಿಂದ ನನಗೆ ಕೇಳಿದ್ದು ಎರಡೇ ಪದ. "ಅಣ್ಣಾ, ಅಡಾಪ್ಟರ್..."